ಎಡಗಡೆ ಗ್ಲಾಸು ಏರಲಿಲ್ಲ, ವೈರು ತುಂಡಾಗಿದ್ದು ಬಲಗಡೆ ಬಾಗಿಲಲ್ಲಿ

ಗಾಡಿ 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಓಡಿದ್ದು 1,12,000 ಕಿಲೋಮೀಟರ್ ಚಿಲ್ಲರೆ. ನಾಲ್ಕೂ ಬಾಗಿಲಿಗೆ ಪವರ್ ವಿಂಡೋ ಇದೆ. ಕೆಟ್ಟಿದ್ದು ಮುಂದಿನ ಎಡಗಡೆಯದು, ಡ್ರೈವರ್ ಪಕ್ಕದ ಸೀಟಿನದು. ಜೂನ್‌ನಲ್ಲಿ ಶುರುವಾದ ಕೆಲಸ ಆಗಸ್ಟ್‌ನಲ್ಲಿ ಮುಗಿಯಿತು. ನಡುವೆ ಬೇಡದ ಮೋಟಾರ್ ತಂದೆ. ಒಮ್ಮೆ ಮಾಡಿದ ರಿಪೇರಿ ಐದು ವಾರಕ್ಕೆ ಕಿತ್ತುಹೋಯಿತು. ಆಯಾ ದಿನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ಇಲ್ಲಿ ಸೇರಿಸಿದ್ದೇನೆ. ತಪ್ಪು ಮಾಡಿದ ಕಡೆ ಜಾಸ್ತಿ ಬರೆದಿದ್ದೇನೆ, ಯಾಕೆಂದರೆ ದುಡ್ಡು ಮತ್ತು ಭಾನುವಾರಗಳು ಹೋಗಿದ್ದು ಅಲ್ಲೇ.

ಜೂನ್ 8, 2025, ಭಾನುವಾರ

ಅವ್ವನನ್ನು ಚಿತ್ರದುರ್ಗದ ಅಕ್ಕನ ಮನೆಯಿಂದ ಕರೆದುಕೊಂಡು ದಾವಣಗೆರೆಗೆ ಬರುತ್ತಿದ್ದೆ. ಭರಮಸಾಗರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅವ್ವನಿಗೆ ಮಂಡಿನೋವು, ಇಳಿಯಲಿಲ್ಲ. ತನ್ನ ಕಡೆ ಸ್ವಿಚ್ ಒತ್ತಿ ಗ್ಲಾಸು ಇಳಿಸಿದಳು, ನಾನು ಹೊರಗಿನಿಂದ ಲೋಟ ಕೊಟ್ಟೆ. ಕುಡಿದಾಯಿತು. ನಾನು ಬಂದು ಕೂತು ನನ್ನ ಬಾಗಿಲು ಹಾಕಿಕೊಂಡೆ. ಅವ್ವ ಗ್ಲಾಸು ಏರಿಸಲು ಹೋದರೆ ಏರಲಿಲ್ಲ. ನನ್ನ ಕಡೆಯ ಸ್ವಿಚ್ಚಿನಿಂದಲೂ ಆಗಲಿಲ್ಲ. ಅವ್ವ ಇಳಿಸುವ ಕಡೆ ಒತ್ತಿದರೆ ಮಾತ್ರ ಉಳಿದಿದ್ದ ನಾಲ್ಕು ಬೆರಳು ಗ್ಲಾಸು ಕೂಡ ಇಳಿದುಹೋಯಿತು.

ಆನಗೋಡು ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಅವ್ವನಿಗೆ 71 ವರ್ಷ. ಸೆರಗು ತಲೆ ಮೇಲೆ ಎಳೆದುಕೊಂಡು ಸುಮ್ಮನೆ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು. ಸರ್ವಿಸ್ ರಸ್ತೆಗೆ ಇಳಿಸಿ ನಿಲ್ಲಿಸಿದೆ. ಡಿಕ್ಕಿಯಲ್ಲಿ ಗೊಬ್ಬರದ ಖಾಲಿ ಚೀಲ ಇತ್ತು. ಅದನ್ನು ಬಾಗಿಲಿಗೆ ಅಡ್ಡ ಹಿಡಿದು, ಮೇಲಿನ ಅಂಚು ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿದೆ. ಮನೆಗೆ ಬರುವ ಹೊತ್ತಿಗೆ ಸೀಟು, ಸ್ವಿಚ್ಚಿನ ಜಾಗ ಎಲ್ಲ ಒದ್ದೆ.

ಮಾರನೇ ದಿನ ಬೆಳಗ್ಗೆ ನನ್ನ ಬಾಗಿಲು ತೆಗೆದು ಕೂತು ಸ್ವಿಚ್ ಒತ್ತಿದರೆ ಗ್ಲಾಸು ಸರಾಗ ಏರಿತು. ನೀರು ಹೋಗಿತ್ತೇನೋ, ಈಗ ಒಣಗಿದೆ ಅಂದುಕೊಂಡೆ. ಇದು ನನ್ನ ಮೊದಲ ತಪ್ಪು. ನೀರು ಬೀಳುವ ಮೊದಲೇ ಗ್ಲಾಸು ನಿಂತಿತ್ತಲ್ವಾ? ಜೊತೆಗೆ ಎರಡೂ ಸಲ, ಕೆಟ್ಟಾಗಲೂ ಸರಿಯಾದಾಗಲೂ, ನಾನು ಆಗಷ್ಟೇ ನನ್ನ ಬಾಗಿಲು ತೆಗೆದು ಹಾಕಿದ್ದೆ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಜೋಡಿಸಿ ನೋಡಲಿಲ್ಲ.

ಜೂನ್ 15: ದುಡ್ಡಿಲ್ಲದ ಪರೀಕ್ಷೆಗಳು

ವಾರದೊಳಗೆ ಗ್ಲಾಸು ಮತ್ತೆ ನಿಂತಿತು. ಈ ಸಲ ಪುಣ್ಯಕ್ಕೆ ಮೇಲೇ ನಿಂತಿತ್ತು.

ಮೊದಲು ಡ್ರೈವರ್ ಬಾಗಿಲಿನ ವಿಂಡೋ ಲಾಕ್ ಬಟನ್ ನೋಡಿದೆ. ಮಕ್ಕಳು ಒತ್ತಿಬಿಟ್ಟಿರುತ್ತಾರೆ. ಒತ್ತಿರಲಿಲ್ಲ. ಆಮೇಲೆ ಫ್ಯೂಸ್. ನನ್ನ ಗಾಡಿಯಲ್ಲಿ ನಾಲ್ಕೂ ಕಿಟಕಿಗೆ ಸೇರಿ ಒಂದೇ 30 ಆಂಪಿಯರ್ ಫ್ಯೂಸ್. ಉಳಿದ ಮೂರು ಗ್ಲಾಸು ಏರಿಳಿಯುತ್ತಿವೆ ಅಂದಮೇಲೆ ಅದು ಸರಿಯಾಗೇ ಇರಬೇಕು. ಆದರೂ ತೆಗೆದು ನೋಡಿ ಹಾಕಿದೆ.

ಮೂರನೆಯದು ಸ್ವಿಚ್. ಎಡಗಡೆ ಹಿಂದಿನ ಬಾಗಿಲಿನ ಸ್ವಿಚ್ಚೂ ಮುಂದಿನದೂ ಒಂದೇ ಥರ, ವೈರುಗಳನ್ನು ಸಿಗಿಸುವ ಕಪ್ಲರ್ ಕೂಡ ಒಂದೇ. ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಎಬ್ಬಿಸಿ ಎರಡನ್ನೂ ಅದಲು ಬದಲು ಮಾಡಿದೆ. ಮುಂದಿನ ಸ್ವಿಚ್ ಹಿಂದೆ ಚೆನ್ನಾಗಿ ಕೆಲಸ ಮಾಡಿತು. ಹಿಂದಿನದು ಮುಂದೆ ಬಂದು ಅದೇ ರೋಗ ತೋರಿಸಿತು: ಇಳಿಸುತ್ತದೆ, ಏರಿಸುವುದಿಲ್ಲ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಹೊಸ ಸ್ವಿಚ್ ಕೊಳ್ಳುವ ಮೊದಲು ಯಾರೇ ಆದರೂ ಇದನ್ನು ಮಾಡಬೇಕು.

ಆಮೇಲೆ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹಲಗೆ, ಬಿಚ್ಚಿದೆ. ಒಳಗಿನ ಹ್ಯಾಂಡಲ್ ಹಿಂದೆ ಒಂದು ಸ್ಕ್ರೂ, ಕೈ ಇಡುವ ಜಾಗದ ಗುಂಡಿಯಲ್ಲಿ ಒಂದು. ಸುತ್ತ ಒಂಬತ್ತು ಕ್ಲಿಪ್. ಸ್ಕ್ರೂಡ್ರೈವರ್ ಹಾಕಿ ಮೀಟಿದ್ದರಿಂದ ಮೂರು ಕ್ಲಿಪ್ ಮುರಿದವು. ಕ್ಲಿಪ್ ಇರುವ ಜಾಗಕ್ಕೆ ಸರಿಯಾಗಿ, ಅದರ ಪಕ್ಕದಲ್ಲೇ ಬೆರಳು ಹಾಕಿ ಎಳೆದರೆ ಮುರಿಯುವುದಿಲ್ಲ ಅಂತ ಆರನೆಯದರ ಹೊತ್ತಿಗೆ ಗೊತ್ತಾಯಿತು.

ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ, ಕಪ್ಪು ಅಂಟಿನಿಂದ ಅಂಟಿಸಿರುತ್ತಾರೆ. ಕೆಳಗಿನ ಅರ್ಧ ಬಿಡಿಸಿ ಕೈ ಹಾಕಿದೆ. ಮೋಟಾರಿಗೆ ಬರುವ ಕಪ್ಲರ್ ತೆಗೆದು, ಅದರ ಎರಡು ಪಿನ್ನಿಗೆ ವೋಲ್ಟ್ ಅಳೆಯುವ ಮೀಟರ್ ಹಿಡಿದೆ. ಹೆಂಡತಿ ಸ್ವಿಚ್ ಒತ್ತಿದಳು.

ಏರಿಸುವ ಕಡೆ: 12.3 ವೋಲ್ಟ್. ಇಳಿಸುವ ಕಡೆ: ಮೈನಸ್ 12.3 ವೋಲ್ಟ್.

ಎರಡೂ ಕಡೆ ಕರೆಂಟ್ ಬರುತ್ತಿದೆ, ಮೋಟಾರ್ ಏರಿಸುತ್ತಿಲ್ಲ. ಇಳಿಸುವಾಗ ಗ್ಲಾಸಿನ ಭಾರವೇ ಮೋಟಾರಿಗೆ ಸಹಾಯ, ಏರಿಸುವಾಗ ಮೋಟಾರ್ ಒಂದೇ ಎತ್ತಬೇಕು. ಹಾಗಾಗಿ ಮೋಟಾರ್ ಸೋತಿದೆ. ಈ ಲೆಕ್ಕ ಆವತ್ತು ನನಗೆ ಅಷ್ಟು ಸರಿ ಅನ್ನಿಸಿತು ಅಂದರೆ ಇನ್ನೊಂದು ಪರೀಕ್ಷೆ ಮಾಡಬೇಕು ಅಂತಲೇ ತೋಚಲಿಲ್ಲ. ಒಂದು ಗ್ಯಾರೇಜಿನಲ್ಲಿ ಕೇಳಿದಾಗ ಎರಡೂ ಬಾಗಿಲಿನ ವೈರಿಂಗ್, ಸ್ವಿಚ್ ಸೇರಿ 4,500 ಆಗಬಹುದು ಅಂದಿದ್ದರು. ಮೋಟಾರ್ ಒಂದೇ ಆದರೆ ನಾನೇ ಹಾಕಿಬಿಡುತ್ತೇನೆ ಅಂದುಕೊಂಡೆ.

ಜೂನ್ 22: ಬೇಡದ ಮೋಟಾರ್

ಗುಜರಿಯಿಂದ ಅದೇ ಮಾಡೆಲ್ ಗಾಡಿಯ ಗ್ಲಾಸ್ ಮಷಿನ್ (ಗ್ಲಾಸನ್ನು ಏರಿಸಿ ಇಳಿಸುವ ಭಾಗ), ಮೋಟಾರ್ ಸಮೇತ, 1,400 ರೂಪಾಯಿಗೆ ತಂದೆ. ವಾಪಸ್ ಇಲ್ಲ ಅಂತ ಮೊದಲೇ ಹೇಳಿದ್ದರು.

ನನ್ನ ಗಾಡಿಯದು ಕೇಬಲ್ ಮಷಿನ್. ಗ್ಲಾಸಿಗೆ ಎರಡು, ಮಷಿನ್ನಿಗೆ ಐದು ಬೋಲ್ಟ್, ಎಲ್ಲಾ 10 ನಂಬರ್. ಗ್ಲಾಸನ್ನು ಮೇಲೆ ನಿಲ್ಲಿಸಿ, ಎರಡು ಮಗ್ಗುಲಿಂದ ಟೇಪ್ ಎಳೆದು ಬಾಗಿಲ ಚೌಕಟ್ಟಿಗೆ ಅಂಟಿಸಬೇಕು. ನಾನು ಒಂದೇ ಸುತ್ತು ಟೇಪ್ ಹಾಕಿದ್ದೆ, ಅದೂ ದೂಳಿನ ಗ್ಲಾಸಿನ ಮೇಲೆ. ಎರಡನೇ ಬೋಲ್ಟ್ ಬಿಚ್ಚಿದ ಕೂಡಲೇ ಟೇಪ್ ಬಿಟ್ಟು ಗ್ಲಾಸು ಧಡ್ ಅಂತ ಬಾಗಿಲೊಳಗೆ ಇಳಿಯಿತು. ಒಡೆಯಲಿಲ್ಲ. ಆದರೆ ಬೆರಳು ಮಧ್ಯೆ ಇದ್ದಿದ್ದರೆ ಕಷ್ಟವಾಗುತ್ತಿತ್ತು. ಗ್ಲಾಸು ಒರೆಸಿ, ಎರಡೂ ಕಡೆ ಎರಡೆರಡು ಪಟ್ಟಿ ಹಾಕಿ. ನಿಮ್ಮ ಗಾಡಿಯದು ಕತ್ತರಿ ಥರದ ಮಷಿನ್ ಆಗಿದ್ದರೆ ಇನ್ನೂ ಜೋಪಾನ. ಅದರಲ್ಲಿ ಸುರುಳಿ ಸ್ಪ್ರಿಂಗ್ ಇರುತ್ತದೆ, ಮೋಟಾರ್ ಬಿಚ್ಚಿದರೆ ತೋಳು ರಪ್ಪನೆ ಬಂದು ಕೈಗೆ ಹೊಡೆಯುತ್ತದೆ.

ಮೂರು ಗಂಟೆ ಹಿಡಿಯಿತು. ಹೊಸದಾಗಿ ತಂದದ್ದನ್ನು ಕೂರಿಸಿ ಸ್ವಿಚ್ ಒತ್ತಿದೆ. ಇಳಿಯಿತು. ಏರಲಿಲ್ಲ.

ಹಳೇ ಮೋಟಾರನ್ನು ಬಿಚ್ಚುವ ಮೊದಲು ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟು ನೋಡಿದ್ದರೆ 1,400 ಉಳಿಯುತ್ತಿತ್ತು. ಐದು ನಿಮಿಷದ ಕೆಲಸ ಅದು. ಮಾಡಲಿಲ್ಲ.

ಆವತ್ತು ಇನ್ನೊಂದು ತಪ್ಪೂ ಆಯಿತು. ಹೇಗೂ ಮತ್ತೆ ಬಿಚ್ಚಬೇಕಲ್ಲ ಅಂತ ಪ್ಲಾಸ್ಟಿಕ್ ಹಾಳೆ ಅಂಟಿಸದೆ ಪ್ಯಾಡ್ ಒತ್ತಿಬಿಟ್ಟೆ. ಆ ವಾರ ಮಳೆ ಬಂತು. ಕಾಲಿಡುವ ಮ್ಯಾಟ್ ಒದ್ದೆ, ಪ್ಯಾಡಿನ ಕೆಳ ಅಂಚು ಉಬ್ಬಿತು. ಗ್ಲಾಸಿನ ಮೇಲೆ ಬಿದ್ದ ನೀರು ಅಂಚಿನ ರಬ್ಬರ್ ಬೀಡಿಂಗ್ ದಾಟಿ ಬಾಗಿಲೊಳಗೆ ಇಳಿಯುವುದು ಸಹಜ. ಆ ಹಾಳೆ ಅದನ್ನು ಗಾಡಿಯೊಳಗೆ ಬಿಡದೆ ಬಾಗಿಲ ತಳದ ತೂತುಗಳ ಕಡೆ ಕಳಿಸುತ್ತದೆ. ಆ ತೂತುಗಳಲ್ಲೂ ಮಣ್ಣು ಕಟ್ಟಿತ್ತು, ಕಡ್ಡಿ ಹಾಕಿ ಬಿಡಿಸಿದೆ.

ಜೂನ್ 29: ಮಾವ ಮತ್ತು ಬಲ್ಬು

ನನ್ನ ಸೋದರಮಾವ ಇಲ್ಲಿಯ ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಗಿರಣಿ ಮುಚ್ಚಿದ ಮೇಲೆ ಪಂಪ್‌ಸೆಟ್ ಮೋಟಾರ್ ಸುತ್ತುವ ಕೆಲಸ ಮಾಡಿಕೊಂಡಿದ್ದರು. ಕಾರಿನ ಕೆಲಸ ಮಾಡಿದವರಲ್ಲ. ಬಂದು ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಹಳೇ ಮೋಟಾರ್ ಎಲ್ಲಿ?" ಅಂದರು.

ತಂದುಕೊಟ್ಟೆ. ಗಾಡಿಯ ಬ್ಯಾಟರಿಯಿಂದ ಎರಡು ಉದ್ದದ ವೈರ್ ಎಳೆದು, ಮಧ್ಯೆ 20 ಆಂಪಿಯರ್ ಫ್ಯೂಸ್ ಹಾಕಿ, ಮೋಟಾರಿಗೆ ಮುಟ್ಟಿಸಿದರು. ಗುರ್ ಅಂತ ತಿರುಗಿತು. ವೈರ್ ಅದಲು ಬದಲು ಮಾಡಿದರು. ಅತ್ತ ಕಡೆಗೂ ಅಷ್ಟೇ ಜೋರು.

"ಮೋಟಾರಿಗೆ ಏನೂ ಆಗಿಲ್ಲಪ್ಪಾ. ಮೀಟರಲ್ಲಿ 12 ಬಂತು ಅಂದಿ. ಮೋಟಾರ್ ಸಿಗಿಸಿಕೊಂಡು ನೋಡಿದ್ಯಾ, ಬಿಚ್ಚಿ ನೋಡಿದ್ಯಾ?"

"ಬಿಚ್ಚಿ ನೋಡಿದ್ದು ಮಾವ."

"ಮೀಟರಿಗೆ ಕರೆಂಟೇ ಬೇಕಾಗಲ್ಲ ನೋಡು. ವೈರಿನ ತುದಿ ಒಂಚೂರು ತಾಗಿದ್ರೂ 12 ತೋರಿಸ್ತತಿ. ಮೋಟಾರ್ ಹಂಗಲ್ಲ, ಎಳಿತತಿ. ಬಲ್ಬ್ ಹಚ್ಚಿ ನೋಡು."

ಅಂಗಡಿಯಿಂದ 21 ವ್ಯಾಟಿನ ಇಂಡಿಕೇಟರ್ ಬಲ್ಬು, ಹೋಲ್ಡರ್ ತಂದೆ. ಎರಡೂ ಸೇರಿ 40 ರೂಪಾಯಿ. ಎರಡು ವೈರ್ ಹಾಕಿ ತುದಿಗೆ ಕ್ರೊಕೊಡೈಲ್ ಕ್ಲಿಪ್ ಸಿಗಿಸಿದೆ. ಮೋಟಾರಿನ ಕಪ್ಲರ್ ತೆಗೆದು ಅದರ ಎರಡು ಪಿನ್ನಿಗೆ ಈ ಬಲ್ಬು. 12 ವೋಲ್ಟಿನಲ್ಲಿ ಇದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಮೋಟಾರ್ ಎಳೆಯುವುದು ಇದಕ್ಕಿಂತ ಜಾಸ್ತಿ, ಆದರೆ ಸುಳ್ಳು ಬಯಲಾಗಲು ಬಲ್ಬೇ ಸಾಕು.

ಅವ್ವನ ಕಡೆಯ ಸ್ವಿಚ್, ಇಳಿಸುವ ಕಡೆ: ಬಲ್ಬು ಪೂರ್ತಿ ಬೆಳಕು. ಅದೇ ಸ್ವಿಚ್, ಏರಿಸುವ ಕಡೆ: ಒಳಗಿನ ತಂತಿ ಕೆಂಡದ ಥರ ಸ್ವಲ್ಪ ಕೆಂಪಾಯಿತು, ಅಷ್ಟೇ. ಡ್ರೈವರ್ ಸ್ವಿಚ್ಚಿನಿಂದ ಏರಿಸಿದರೂ ಕೆಂಪು, ಇಳಿಸಿದರೂ ಕೆಂಪು. ಬಲ್ಬು ಸಿಕ್ಕಿಸಿಕೊಂಡೇ ಅದರ ಎರಡು ತುದಿಗೆ ಮೀಟರ್ ಹಿಡಿದೆ. 1.6 ವೋಲ್ಟ್. ಎರಡು ವಾರದ ಹಿಂದೆ ಇದೇ ಪಿನ್ನುಗಳಲ್ಲಿ 12.3 ನೋಡಿ ಮೋಟಾರ್ ತರಲು ಹೋಗಿದ್ದೆ.

ವೈರಿನಲ್ಲಿ ತೊಂದರೆ ಅನ್ನುವುದು ಖಚಿತವಾಯಿತು. ಎಡ ಬಾಗಿಲಿಗೂ ಬಾಡಿಗೂ ನಡುವೆ, ಕೀಲಿನ ಹತ್ತಿರ, ಒಂದು ರಬ್ಬರ್ ಬೂಟ್ ಇರುತ್ತದೆ. ವೈರೆಲ್ಲ ಅದರೊಳಗಿಂದ ಹೋಗುತ್ತವೆ. ಬಾಗಿಲು ತೆಗೆದು ಹಾಕಿದಾಗೆಲ್ಲ ಮಡಚಿ ಬಿಚ್ಚಿ ಆಗುವುದು ಅಲ್ಲೇ. ಹೆಂಡತಿಗೆ ಸ್ವಿಚ್ ಒತ್ತಿ ಹಿಡಿಯಲು ಹೇಳಿ ಎಡ ಬಾಗಿಲನ್ನು ಹಿಂದೆ ಮುಂದೆ ಆಡಿಸಿದೆ. ಬಲ್ಬಿನಲ್ಲಿ ಏನೂ ಬದಲಾಗಲಿಲ್ಲ.

ಇಲ್ಲಿ ಮತ್ತೆ ತಪ್ಪಿದೆ. ಬಲ್ಬು ಬದಲಾಗಲಿಲ್ಲ ಅಂದಮೇಲೆ ಅಲ್ಲಿ ತೊಂದರೆ ಇಲ್ಲ ಅಂತ ಅರ್ಥ. ಆದರೆ ಕೆಟ್ಟಿದ್ದು ಎಡಗಡೆ ಗ್ಲಾಸು, ವೈರೂ ಎಡಗಡೆಯದೇ ಇರಬೇಕು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತ್ತು. ಬ್ಯಾಟರಿಯ ಮೈನಸ್ ಬಿಚ್ಚಿ, ಎಡಗಡೆ ಬೂಟ್ ಎಳೆದು, ಒಂದೂವರೆ ಗಂಟೆ ಒಂದೊಂದೇ ವೈರ್ ನೋಡಿದೆ. ಎಲ್ಲಾ ಹೊಸದರ ಥರ ಇದ್ದವು.

ಅಷ್ಟರಲ್ಲಿ ಮಾವ ಕ್ಯಾಲೆಂಡರಿನ ಹಿಂದಿನ ಹಾಳೆಯಲ್ಲಿ ಎರಡು ಸ್ವಿಚ್, ಒಂದು ಮೋಟಾರ್ ಬರೆದುಕೊಂಡು ಕೂತಿದ್ದರು. ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು.

"ನಿಮ್ಮವ್ವ ಏರಿಸೋ ಕಡೆ ಒತ್ತಿದ್ರೆ ಮೋಟಾರಿಗೆ ಒಂದು ಕಡೆಯಿಂದ 12 ಹೋಗ್ತತಿ. ಇನ್ನೊಂದು ಕಡೆಯಿಂದ ಅರ್ತಿಗೆ ಎಲ್ಲಿಂದ ಹೋಗ್ತತಿ?"

ಅರ್ತ್ ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿದ ಗಾಡಿಯ ಲೋಹದ ಮೈ. ಅದೇ ಬಾಗಿಲಿನಲ್ಲಿ ಅದಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಸ್ವಿಚ್ಚಿನ ಕಪ್ಲರಿನಲ್ಲಿ ನೋಡಿದರೆ ಅರ್ತಿನ ವೈರೇ ಇಲ್ಲ. ಮೀಟರಿನ ಬೀಪ್ ಇಟ್ಟು ಹುಡುಕಿದೆವು. ಆ ಸ್ವಿಚ್ಚಿಗೆ 12 ವೋಲ್ಟಿನ ಒಂದು ವೈರ್, ಮೋಟಾರಿಗೆ ಹೋಗುವ ಎರಡು, ಡ್ರೈವರ್ ಬಾಗಿಲಿನ ದೊಡ್ಡ ಸ್ವಿಚ್ಚಿಗೆ ಹೋಗುವ ಎರಡು, ಒಂದು ಬೂದು, ಒಂದು ನೀಲಿ. ಅರ್ತ್ ಇರುವುದು ಡ್ರೈವರ್ ಬಾಗಿಲಿನ ಸ್ವಿಚ್ಚಿನಲ್ಲಿ. ಅಂದರೆ ಅವ್ವ ತನ್ನ ಕಡೆ ಸ್ವಿಚ್ ಒತ್ತಿದರೂ ಕರೆಂಟು ಇಡೀ ಗಾಡಿ ದಾಟಿ ನನ್ನ ಬಾಗಿಲಿಗೆ ಬಂದೇ ಅರ್ತ್ ಸೇರಬೇಕು.

ಈಗ ನಾಲ್ಕು ಒತ್ತುಗಳನ್ನು ಹಾಳೆಯ ಮೇಲೆ ಓಡಿಸಿ ನೋಡಿದೆವು. ಬೂದು ವೈರ್ ತುಂಡಾಗಿದೆ ಅಂದುಕೊಳ್ಳಿ. ಅವ್ವ ಇಳಿಸಿದರೆ ಕರೆಂಟ್ ನೀಲಿಯಲ್ಲಿ ವಾಪಸ್ ಬರುತ್ತದೆ, ಕೆಲಸ ಆಗುತ್ತದೆ. ಅವ್ವ ಏರಿಸಿದರೆ ಬೂದಿನಲ್ಲಿ ವಾಪಸ್ ಬರಬೇಕು, ಆಗುವುದಿಲ್ಲ. ನಾನು ಏರಿಸಿದರೆ ನೀಲಿಯಲ್ಲಿ ಹೋಗಿ ಬೂದಿನಲ್ಲಿ ಬರಬೇಕು, ಇಲ್ಲ. ನಾನು ಇಳಿಸಿದರೆ ಬೂದಿನಲ್ಲೇ ಹೋಗಬೇಕು, ಅದೂ ಇಲ್ಲ. ನಾಲ್ಕರಲ್ಲಿ ಒಂದು ಮಾತ್ರ ನಡೆಯುತ್ತದೆ. ಭರಮಸಾಗರದಲ್ಲಿ ಆಗಿದ್ದು ಸರಿಯಾಗಿ ಇದೇ. ಜೂನ್ 8ರಂದೇ ಗಾಡಿ ಉತ್ತರ ಹೇಳಿತ್ತು. ನಾನು ಏರುತ್ತಿಲ್ಲ ಅನ್ನುವುದನ್ನಷ್ಟೇ ನೋಡಿದೆ. ಯಾವ ಸ್ವಿಚ್ಚಿನಿಂದ ಯಾವ ಕಡೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಅಂತ ನಾಲ್ಕೂ ಬರೆದುಕೊಂಡಿದ್ದರೆ ಡೋರ್ ಪ್ಯಾಡ್ ಬಿಚ್ಚುವ ಮೊದಲೇ ಬೂದು ವೈರಿನ ತನಕ ಬರಬಹುದಿತ್ತು.

ಬ್ಯಾಟರಿ ಮತ್ತೆ ಸಿಗಿಸಿದೆವು. ಬಲ್ಬು ಎಡ ಬಾಗಿಲಿನಲ್ಲೇ ಇತ್ತು. ಹೆಂಡತಿ ಏರಿಸುವ ಸ್ವಿಚ್ ಒತ್ತಿ ಹಿಡಿದಳು. ನಾನು ಬಲಗಡೆಗೆ ಹೋಗಿ ಡ್ರೈವರ್ ಬಾಗಿಲನ್ನು ಮೆಲ್ಲಗೆ ತೆಗೆಯುತ್ತಾ ಹೋದೆ. ಅರ್ಧ ತೆಗೆದಿರಬೇಕು.

"ರೀ, ಹತ್ತಿತು! ಅಲ್ಲೇ ನಿಲ್ಲಿಸ್ರಿ!"

ಒಂದು ಗೇಣು ಅತ್ತ ಇತ್ತ ಆಡಿಸಿದರೆ ಬಲ್ಬು ಹತ್ತುತ್ತದೆ, ಆರುತ್ತದೆ. ಮಾವ ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡು ಊಟಕ್ಕೆ ಎದ್ದರು.

ಒಂದು ಮಾತು. ಈ ಲೆಕ್ಕ ಸ್ವಿಚ್ಚಿನಿಂದಲೇ ನೇರ ಮೋಟಾರಿಗೆ ಕರೆಂಟ್ ಹೋಗುವ ಗಾಡಿಗಳಿಗೆ. ಎಷ್ಟೋ ಹೊಸ ಗಾಡಿಗಳಲ್ಲಿ ಸ್ವಿಚ್ ಬರೀ ಸಿಗ್ನಲ್ ಕಳಿಸುತ್ತದೆ, ಮೋಟಾರನ್ನು ಓಡಿಸುವುದು ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್. ಅಂಥದ್ದರಲ್ಲಿ ಬಲ್ಬು ಹಚ್ಚಿ ಹುಡುಕಲು ಹೋಗಬೇಡಿ. ಹಳದಿ ಬಣ್ಣದ ಕಪ್ಲರ್, ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಮುಟ್ಟಲೇಬೇಡಿ.

ಜುಲೈ 6: ಒಳಗೆ ಕಂಡದ್ದು

ಬ್ಯಾಟರಿ ಮೈನಸ್ ಬಿಚ್ಚಿದೆ. ಬಲ ಬಾಗಿಲಿನ ಬೂಟ್ ಎರಡೂ ತುದಿ ಒತ್ತಿ ಕೂರಿಸಿರುತ್ತಾರೆ, ಬೆರಳು ಹಾಕಿದರೆ ಬಿಡುತ್ತದೆ. ಸೋಪಿನ ನೀರು ಸವರಿ ಬೂಟನ್ನು ವೈರುಗಳ ಮೇಲೆ ಹಿಂದಕ್ಕೆ ಜಾರಿಸಿದೆ. ಒಳಗೆ 17 ವೈರ್. ಕಿಟಕಿಗಳದು, ಸೆಂಟ್ರಲ್ ಲಾಕಿನದು, ಕನ್ನಡಿಯದು, ಸ್ಪೀಕರಿನದು.

ಕಣ್ಣಿಗೆ ಬೂದು ವೈರ್ ಚೆನ್ನಾಗೇ ಇತ್ತು. ಮಾವ ಹೇಳಿಕೊಟ್ಟ ಹಾಗೆ ಒಂದೊಂದೇ ವೈರನ್ನು ಎರಡು ಕಡೆ ಹಿಡಿದು ಮೆಲ್ಲಗೆ ಎಳೆದು ನೋಡಿದೆ. ತಾಮ್ರ ಗಟ್ಟಿಯಾಗಿರುವ ವೈರ್ ಎಳೆದರೆ ಬಿಗಿಯಾಗಿ ನಿಲ್ಲುತ್ತದೆ. ಬೂದು ವೈರ್ ಒಂದು ಜಾಗದಲ್ಲಿ ರಬ್ಬರ್ ಬ್ಯಾಂಡಿನ ಥರ ಹಿಗ್ಗಿತು. ಒಳಗೆ ತಾಮ್ರ ಇರಲೇ ಇಲ್ಲ, ಬರೀ ಹೊದಿಕೆ ಹಿಡಿದುಕೊಂಡಿತ್ತು.

ಬ್ಲೇಡಿನಿಂದ ಹೊದಿಕೆ ಉದ್ದಕ್ಕೆ ಸೀಳಿದೆ. ಹಸಿರು ಪುಡಿ ಬೆರಳಿಗೆ ಅಂಟಿತು. ಕಿಲುಬು. ತಾಮ್ರದ ಎಳೆಗಳು ಎಲ್ಲಾ ತುಂಡಾಗಿ, ತುದಿಗಳು ಕಪ್ಪಗಾಗಿ, ಬಳಸಿ ಸವೆದ ಕಸಬರಿಗೆಯ ಥರ ಚೆದುರಿದ್ದವು. ಎರಡು ತುದಿಯ ನಡುವೆ ಕೂದಲೆಳೆಯಷ್ಟೂ ಜಾಗ ಇಲ್ಲ, ಕಿಲುಬಿನ ಮೂಲಕ ತಾಗಿಕೊಂಡಿದ್ದವು. ಮೀಟರಿಗೆ 12.3 ತೋರಿಸಿದ್ದು ಈ ತಾಗುವಿಕೆ. ಹೊದಿಕೆ ಮೇಲೆ ಸುತ್ತಲೂ ಉಗುರಿನಲ್ಲಿ ಒತ್ತಿದಂಥ ಸಣ್ಣ ಗೆರೆ, ನೀರು ಹೋಗಿದ್ದು ಅಲ್ಲಿಂದ. ಪಕ್ಕದ ಇನ್ನೆರಡು ವೈರಿನ ಹೊದಿಕೆಯೂ ಬಿರುಕು ಬಿಟ್ಟಿತ್ತು.

ಯೋಚಿಸಿದರೆ ಸರಿಯೇ. ಎಡ ಬಾಗಿಲು ದಿನಕ್ಕೆ ಒಂದೋ ಎರಡೋ ಸಲ ತೆಗೆಯುತ್ತೇವೆ. ಡ್ರೈವರ್ ಬಾಗಿಲು ತೆಗೆಯದೆ ಗಾಡಿ ಹತ್ತುವುದೇ ಆಗಲ್ಲ. ನಾನು ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಸುಗ್ಗಿಯಲ್ಲಿ ಮಾರುಕಟ್ಟೆ, ಗೋದಾಮು, ಬ್ಯಾಂಕು ಅಂತ ದಿನಕ್ಕೆ ಇಪ್ಪತ್ತು ಸಲ ಇಳಿದು ಹತ್ತುತ್ತೇನೆ. ಹನ್ನೆರಡು ವರ್ಷ ಬಾಗಿ ಬಾಗಿ ಆ ವೈರ್ ಸೋತಿತ್ತು.

ರಿಪೇರಿ ಮಾಡಿದ್ದು ಹೀಗೆ: ಕೆಟ್ಟ ಎರಡು ಅಂಗುಲ ಕತ್ತರಿಸಿ, ಹೊಸ ತುಂಡು ಇಟ್ಟು, ಎರಡೂ ಕಡೆ ತಿರುಚಿ ಸೋಲ್ಡರ್ ಮಾಡಿ (ಬೆಸುಗೆ ಲೋಹ ಕರಗಿಸಿ ಕೂಡಿಸಿ), ಇನ್ಸುಲೇಷನ್ ಟೇಪ್ ಸುತ್ತಿದೆ. ಬೂಟ್ ವಾಪಸ್ ಜಾರಿಸಿದೆ. ಗ್ಲಾಸು ಏರಿತು. ಅವ್ವನನ್ನು ಕರೆದು ತೋರಿಸಿದೆ.

ಆಗಸ್ಟ್ 10: ಮತ್ತೆ ಅದೇ

ಸರಿಯಾಗಿ ಐದು ವಾರ. ಅದೇ ರೋಗ, ನಾಲ್ಕರಲ್ಲಿ ಒಂದೇ ಒತ್ತು ಕೆಲಸ ಮಾಡುತ್ತಿದೆ. ಈ ಸಲ ಹುಡುಕಾಟ ಇಲ್ಲ. ನೇರ ಬಲಗಡೆ ಬೂಟ್ ತೆಗೆದೆ.

ನನ್ನ ಸೋಲ್ಡರ್ ಗುಂಡಗೆ, ಹೊಳೆಯುತ್ತಾ, ಹಾಗೇ ಇತ್ತು. ವೈರ್ ತುಂಡಾಗಿದ್ದು ಸೋಲ್ಡರ್ ಮುಗಿಯುವ ಅಂಚಿನಲ್ಲಿ, ಚಾಕುವಿನಲ್ಲಿ ಕತ್ತರಿಸಿದಷ್ಟು ಸಾಫಾಗಿ. ಸೋಲ್ಡರ್ ಬಿಸಿಯಲ್ಲಿ ಎಳೆಗಳ ನಡುವೆ ಒಳಗೊಳಗೇ ಹರಿಯುತ್ತದೆ. ಹರಿದಷ್ಟು ಉದ್ದ ವೈರ್ ಕಡ್ಡಿಯಾಗುತ್ತದೆ. ಬಾಗಿಲು ತೆಗೆದಾಗೆಲ್ಲ ಮೆತ್ತಗಿನ ವೈರೂ ಕಡ್ಡಿಯೂ ಸೇರುವ ಆ ಒಂದು ಗೆರೆಯ ಮೇಲೇ ಪೂರ್ತಿ ಬಾಗು ಬೀಳುತ್ತದೆ. ಬಾಗುವ ಜಾಗದಲ್ಲಿ ಜೋಡಣೆಯನ್ನೇ ಇಡಬಾರದಿತ್ತು. ಟೇಪ್ ಕೂಡ ಬೇಸಿಗೆಯಲ್ಲಲ್ಲ, ಮಳೆಗಾಲದಲ್ಲೇ ಅಂಟು ಬಿಟ್ಟು ಜಾರಿತ್ತು.

ಇದಕ್ಕೆ ಬೇಸರವಾಯಿತು. ಮೋಟಾರ್ ತಂದದ್ದು ಗೊತ್ತಿಲ್ಲದೆ ಮಾಡಿದ ತಪ್ಪು. ಇದು ಆತುರದಲ್ಲಿ ಮಾಡಿದ್ದು. ಸೋಲ್ಡರ್ ಮಾಡುವಾಗಲೇ ಇದು ಬಾಗುವ ಜಾಗ ಅಂತ ಮನಸ್ಸಿಗೆ ಬಂದಿತ್ತು. ಡೋರ್ ಪ್ಯಾಡ್ ಮತ್ತೆ ಬಿಚ್ಚುವುದು ಬೇಡ ಅಂತ ಅಲ್ಲೇ ಮುಗಿಸಿದ್ದೆ.

ಆಗಸ್ಟ್ 17: ಸರಿಯಾದ ರಿಪೇರಿ

ಬೇಕಾದದ್ದು: 1.5 ಚದರ ಮಿಲಿಮೀಟರಿನ, ಸಣ್ಣ ಎಳೆಗಳ ಮೆತ್ತಗಿನ ಆಟೋ ವೈರ್ 3 ಮೀಟರ್. ಮನೆ ವೈರಿಂಗಿನ ಗಟ್ಟಿ ವೈರ್ ಇಲ್ಲಿ ಬೇಡ, ಬೇಗ ಮುರಿಯುತ್ತದೆ. ಎರಡು ವೈರಿನ ತುದಿ ಒಳಗಿಟ್ಟು ಇಕ್ಕಳದಿಂದ ಒತ್ತುವ ಸಣ್ಣ ಲೋಹದ ಕೊಳವೆ, ಅಂದರೆ ಕ್ರಿಂಪ್ ಸ್ಲೀವ್, ಹತ್ತು. ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಒಂದು ಮೀಟರ್. ಕ್ರಿಂಪ್ ಮಾಡುವ ಇಕ್ಕಳ ಮಾವನ ಹತ್ತಿರ ಇತ್ತು.

ಬಲ ಬಾಗಿಲಿನ ಪ್ಯಾಡ್ ಬಿಚ್ಚಿದೆ. ಕಾಲಿನ ಹತ್ತಿರದ ಬಾಡಿ ಕಡೆಯ ಪ್ಲಾಸ್ಟಿಕ್ ಪ್ಯಾನೆಲ್ಲೂ ತೆಗೆದೆ. ಈಗ ವೈರ್ ಬೂಟಿನಿಂದ ಎರಡೂ ಕಡೆ ಹೊರಗೆ ಸಿಗುತ್ತದೆ. ಬೂದು ವೈರನ್ನು ಬಾಗಿಲ ಒಳಗೆ ಒಂದು ಕಡೆ, ಬಾಡಿಯ ಒಳಗೆ ಒಂದು ಕಡೆ ಕತ್ತರಿಸಿದೆ. ಮಧ್ಯದ 38 ಸೆಂಟಿಮೀಟರ್ ಪೂರ್ತಿ ಹೊಸ ವೈರ್. ಬೂಟಿನೊಳಗೆ ಒಂದೂ ಜೋಡಣೆ ಇಲ್ಲ. ಬಿರುಕು ಬಿಟ್ಟಿದ್ದ ಇನ್ನೆರಡು ವೈರಿಗೂ ಹಾಗೇ ಮಾಡಿದೆ, ಆದರೆ ಮೂರರ ಜೋಡಣೆಯೂ ಒಂದೇ ಕಡೆ ಬರದ ಹಾಗೆ ಮೂರು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಇಟ್ಟೆ. ಒಂದೇ ಕಡೆ ಬಂದರೆ ಗಂಟು ದಪ್ಪವಾಗಿ ಕ್ಲಿಪ್ಪಿಗೆ ಸಿಗಿಸಲು ಆಗಲ್ಲ. ಒಂದೊಂದೇ ವೈರ್ ಕತ್ತರಿಸಿ, ಅದನ್ನು ಜೋಡಿಸಿ ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋದೆ. ಬಣ್ಣ ಗೊಂದಲವಾಗುವುದಿಲ್ಲ.

ಕ್ರಿಂಪ್ ಮಾಡುವ ಮೊದಲೇ ಹೀಟ್ ಶ್ರಿಂಕ್ ತುಂಡನ್ನು ವೈರಿಗೆ ಪೋಣಿಸಬೇಕು. ಒಂದು ಕಡೆ ಮರೆತೆ, ಕತ್ತರಿಸಿ ಮತ್ತೆ ಮಾಡಿದೆ. ಕ್ರಿಂಪ್ ಆದಮೇಲೆ ಪ್ರತಿಯೊಂದನ್ನೂ ಜೋರಾಗಿ ಎಳೆದು ನೋಡಿದೆ. ಒಂದು ಜಾರಿ ಬಂತು, ಇಕ್ಕಳದ ಬೇರೆ ಹಲ್ಲಿನಲ್ಲಿ ಒತ್ತಬೇಕಿತ್ತು. ಹೀಟ್ ಶ್ರಿಂಕಿಗೆ ಲೈಟರ್ ಬೇಡ ಅಂದರು ಮಾವ, ಪಕ್ಕದ ವೈರ್ ಕರಗುತ್ತದೆ. ಸೋಲ್ಡರಿಂಗ್ ಐರನ್ನಿನ ಬದಿಯಿಂದ ಸುತ್ತ ಸವರಿದೆ. ಎರಡು ತುದಿಯಿಂದ ಅಂಟು ಸಣ್ಣ ಹನಿಯಾಗಿ ಹೊರಬಂದರೆ ನೀರು ಹೋಗಲ್ಲ ಅಂತ ಲೆಕ್ಕ.

ಮುಚ್ಚುವ ಮೊದಲು ಬಾಗಿಲನ್ನು ಪೂರ್ತಿ ತೆಗೆದು ಹೊಸ ವೈರ್ ಬಿಗಿಯಾಗುತ್ತದಾ ನೋಡಿದೆ. ಸ್ವಲ್ಪ ಸಡಿಲ ಇತ್ತು, ಸಾಕು. ಎಡಗಡೆ ಬಲ್ಬು ಸಿಗಿಸಿ, ಹೆಂಡತಿ ಸ್ವಿಚ್ ಒತ್ತಿ ಹಿಡಿದಿದ್ದಾಗ ನನ್ನ ಬಾಗಿಲನ್ನು ನೂರು ಸಲ ತೆಗೆದು ಹಾಕಿದೆ. ಮಗಳು ಎಣಿಸಿದಳು. ಒಂದು ಸಲವೂ ಮಿನುಗಲಿಲ್ಲ.

ಆಮೇಲೆ ಮೋಟಾರ್ ಸಿಗಿಸಿ, ಗ್ಲಾಸು ಏರುತ್ತಿರುವಾಗ ಅಳೆದೆ. ಇಂಜಿನ್ ಆಫ್, ಬ್ಯಾಟರಿ 12.5. ಮೋಟಾರಿನ ಎರಡು ಪಿನ್ನಿನ ನಡುವೆ 11.4. ಬೂದು ವೈರಿನ ಈ ತುದಿಯಿಂದ ಆ ತುದಿಗೆ 0.2. ಗ್ಲಾಸು ಪೂರ್ತಿ ಏರಲು 6 ಸೆಕೆಂಡ್. ಬಲಗಡೆಯದಕ್ಕೆ 4. ವ್ಯತ್ಯಾಸ ಯಾಕೆ ಅಂತ ನೋಡಿದರೆ ಗ್ಲಾಸು ಜಾರುವ ರಬ್ಬರ್ ಸಂದಿಯಲ್ಲಿ ಕೆಂಪು ಮಣ್ಣು, ಜೋಳದ ಹೊಟ್ಟು ಗಟ್ಟಿಯಾಗಿ ಕೂತಿತ್ತು. ಹಳೇ ಬನಿಯನ್ ಬಟ್ಟೆಯನ್ನು ಸ್ಕೇಲಿಗೆ ಸುತ್ತಿ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದೆ. 4.5ಕ್ಕೆ ಬಂತು. ಎಣ್ಣೆ, ಗ್ರೀಸು ಹಾಕಬೇಡಿ, ದೂಳು ಇನ್ನೂ ಹಿಡಿಯುತ್ತದೆ, ರಬ್ಬರೂ ಹಾಳು.

ಒಂದು ಗಾಬರಿಯೂ ಆಯಿತು. ಖುಷಿಯಲ್ಲಿ ಒಂದೇ ಸಮ ಏರಿಸಿ ಇಳಿಸಿ ಮಾಡುತ್ತಿದ್ದೆ. ಹದಿನೈದೋ ಹದಿನಾರೋ ಆಗಿರಬೇಕು, ಗ್ಲಾಸು ನಿಂತುಬಿಟ್ಟಿತು. ಯಾವ ಸ್ವಿಚ್ಚಿಗೂ ಅಲುಗಲಿಲ್ಲ. ಮತ್ತೆ ಬೂಟಿಗೆ ಕೈ ಹಾಕಲು ಹೋದೆ.

"ತಡಿ, ಮೋಟಾರ್ ಮುಟ್ಟಿ ನೋಡು" ಅಂದರು ಮಾವ.

ಕೈ ಇಡಲಾಗದಷ್ಟು ಬಿಸಿ. ಮೋಟಾರ್ ಕಾದರೆ ತಾನೇ ನಿಲ್ಲುವ ವ್ಯವಸ್ಥೆ ಒಳಗೇ ಇರುತ್ತದಂತೆ. ಹತ್ತು ನಿಮಿಷ ಬಿಟ್ಟು ಒತ್ತಿದರೆ ಏರಿತು. ನಾಲ್ಕೂ ಒತ್ತಿಗೂ ಒಟ್ಟಿಗೇ ನಿಂತಿದ್ದರಿಂದಲೇ ಅದು ಬೂದು ವೈರಿನ ತೊಂದರೆ ಅಲ್ಲ ಅಂತ ನನಗೆ ಹೊಳೆಯಬೇಕಿತ್ತು.

ಪ್ಲಾಸ್ಟಿಕ್ ಹಾಳೆಗಳನ್ನು ಈ ಸಲ ಬ್ಯೂಟೈಲ್ ಟೇಪ್ (ನೀರು ಬಿಡದ ಮೆತ್ತಗಿನ ಅಂಟು ಪಟ್ಟಿ) ಹಾಕಿ ಸುತ್ತಲೂ ಒತ್ತಿ ಅಂಟಿಸಿದೆ. ಆಮೇಲೆ ಪ್ಯಾಡ್.

ಖರ್ಚು: ಕ್ಲಿಪ್ ಆರು, 60. ಬಲ್ಬು, ಹೋಲ್ಡರ್ 40. ಕ್ರೊಕೊಡೈಲ್ ಕ್ಲಿಪ್ 20. ವೈರ್ 60. ಕ್ರಿಂಪ್ ಸ್ಲೀವ್ 50. ಹೀಟ್ ಶ್ರಿಂಕ್ 80. ಬ್ಯೂಟೈಲ್ ಟೇಪ್ 150. ಸಿಲಿಕೋನ್ ಸ್ಪ್ರೇ 260. ಒಟ್ಟು 720. ಗುಜರಿ ಮೋಟಾರ್ ಸೇರಿಸಿದರೆ 2,120. ಬೂದು ವೈರನ್ನು ಸರಿಮಾಡಲು ನಿಜವಾಗಿ ಬೇಕಾಗಿದ್ದು ವೈರ್, ಸ್ಲೀವ್, ಹೀಟ್ ಶ್ರಿಂಕ್, ಬಲ್ಬು ಮತ್ತು ಅದರ ಕ್ಲಿಪ್ಪು, 250 ರೂಪಾಯಿ.

ಸೆಪ್ಟೆಂಬರ್ 28

ಆರು ವಾರ ಆಯಿತು. ಸೋಲ್ಡರ್ ಕಿತ್ತುಹೋಗಿದ್ದು ಐದನೇ ವಾರಕ್ಕೆ, ಅದಕ್ಕೇ ಇವತ್ತಿನವರೆಗೆ ಕಾದು ಬರೆಯುತ್ತಿದ್ದೇನೆ. ಬೂಟ್ ಸ್ವಲ್ಪ ಸರಿಸಿ ನೋಡಿದೆ, ಹೊಸ ವೈರಿನ ಮೇಲೆ ಗೆರೆ ಇಲ್ಲ. ಬಲ್ಬು ಹಚ್ಚಿದೆ, ನಾಲ್ಕೂ ಒತ್ತಿಗೆ ಒಂದೇ ಬೆಳಕು. ಡ್ರೈವರ್ ಬಾಗಿಲಿನ ಸ್ಪೀಕರ್ ಆಗಾಗ ಕರಕರ ಅನ್ನುತ್ತಿದೆ. ಅದರ ಎರಡು ವೈರೂ ಅದೇ ಬೂಟಿನಲ್ಲಿವೆ, ದಸರಾ ರಜೆಯಲ್ಲಿ ಅವನ್ನೂ ಎಳೆದು ನೋಡಬೇಕು.

ಮಧ್ಯಾಹ್ನ ಅವ್ವನನ್ನು ಅಕ್ಕನ ಮನೆಗೆ ಬಿಡಲು ಹೋದೆ. ಭರಮಸಾಗರದಲ್ಲಿ ಅದೇ ಅಂಗಡಿಯ ಮುಂದೆ ನಿಲ್ಲಿಸಿದೆ. ಅವ್ವ ಗ್ಲಾಸು ಇಳಿಸಿ ಲೋಟ ಇಸಿದುಕೊಂಡಳು. ಕುಡಿದು ಲೋಟ ಕೊಟ್ಟು, ನಾನು ಬಾಗಿಲು ಹಾಕಿಕೊಳ್ಳುವವರೆಗೆ ಕಾದು, ಆಮೇಲೆ ಸ್ವಿಚ್ ಒತ್ತಿ ಗ್ಲಾಸು ಮೇಲೆ ಮುಟ್ಟುವ ತನಕ ಬೆರಳು ತೆಗೆಯಲಿಲ್ಲ.